ತೂಕದ ಮೇಜು

ಏಪ್ರಿಲ್ಲಿನಲ್ಲಿ ನಮ್ಮಿಬ್ಬರ ಬಾಗಿಲಿಗೂ ಒಂದೊಂದು ಲಕೋಟೆ ಬೀಳುತ್ತದೆ.
ನಾರಿಸನದು ದಪ್ಪ, ನನ್ನದು ತೆಳು.
ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ,
ಅವನು ಕೆಮ್ಮಿದರೆ ನನ್ನ ಕಪಾಟಿನ ಲೋಟ ನಡುಗುತ್ತದೆ.
ಅವನು ಲಕೋಟೆ ಹರಿದದ್ದೂ ಕೇಳಿಸಿತು ಅಂತಲೇ
ನಾನು ಅಂದುಕೊಳ್ಳುವುದು.

ಗ್ರಿಮ್ಸ್‌ಬಿ ಹಡಗುಕಟ್ಟೆಯ ಹಿಂದೆ ಮೀನಿನ ಕಾರ್ಖಾನೆ.
ಮೂವತ್ತೊಂದು ವರ್ಷ ಅಲ್ಲಿ ತೂಕದ ಮೇಜಿಗೆ ನಿಂತವಳು
ನಾನು, ಬೆರಿಲ್.
ಹ್ಯಾಡಕ್ ಮೀನು, ಪೊಟ್ಟಣಕ್ಕೆ ನಾನೂರು ಗ್ರಾಂ.
ಹಿಮದ ನೀರಲ್ಲಿ ಬೆರಳು ನನ್ನವೇ ಹೌದೋ ಅಲ್ಲವೋ
ಮಧ್ಯಾಹ್ನದ ಚಹಾ ಬಂದ ಮೇಲೇ ಗೊತ್ತಾಗುತ್ತಿತ್ತು.

ಶುಕ್ರವಾರದ ಕೂಲಿಯಲ್ಲಿ ನೂರಕ್ಕೆ ಐದು
ಮುಪ್ಪಿನ ಡಬ್ಬಿಗೆ. ಕಂಪನಿಯೂ ಹಾಕಬೇಕು, ಕರಾರು.
ಷೇರುಪೇಟೆ ಉಬ್ಬಿದ ವರ್ಷ ಮಾಲೀಕರು ಅಂದರು:
ಡಬ್ಬಿ ತುಂಬಿ ಚೆಲ್ಲುತ್ತಿದೆ, ನಾವು ಕೊಂಚ ರಜೆ ಹಾಕುತ್ತೇವೆ.
ಕಾಗದದಲ್ಲೂ ಹಾಗೇ ಬರೆದಿತ್ತು, ವಂತಿಗೆಗೆ ರಜೆ.
ಒಂಬತ್ತು ವರ್ಷದ ರಜೆ!
ನನಗೆ ಸಿಗುತ್ತಿದ್ದುದು ಆಗಸ್ಟಿನಲ್ಲಿ ಎರಡು ವಾರ,
ಅದರಲ್ಲೂ ಮಳೆ.

ಆಮೇಲೆ ಗೇಟಿಗೆ ಬೀಗ. ಡಬ್ಬಿ ಬಗ್ಗಿಸಿ ನೋಡಿದರೆ ತಳ.
ರಕ್ಷಣಾ ನಿಧಿಯವರು ನಮ್ಮನ್ನು ಎತ್ತಿಕೊಂಡರು, ಇಲ್ಲವೆನ್ನಲಾರೆ.
ಆದರೆ ತೊಂಬತ್ತೇಳಕ್ಕೆ ಮುಂಚೆ ದುಡಿದದ್ದಕ್ಕೆ ಏರಿಕೆ ಇಲ್ಲವಂತೆ.
ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಎಳೆದ ಗೆರೆ.
ಬ್ರೆಡ್ಡಿನ ಅಂಗಡಿಗೆ ಆ ಗೆರೆಯ ಸುದ್ದಿ ಇನ್ನೂ ತಲುಪಿಲ್ಲ.

ನಾರಿಸ್ ಆಂಬುಲೆನ್ಸ್ ಓಡಿಸಿದವನು.
ಅವನ ಪಿಂಚಣಿ ಬೆಲೆಯ ಸೆರಗು ಹಿಡಿದೇ ನಡೆಯುತ್ತದೆ,
ಬೆಲೆ ಒಂದು ಮೆಟ್ಟಿಲು ಹತ್ತಿದರೆ ಅದೂ ಹತ್ತುತ್ತದೆ.
ತಮಾಷೆ ಏನೆಂದರೆ ಅವನಿಗೆ ಡಬ್ಬಿಯೇ ಇಲ್ಲ.
ಇವತ್ತಿನ ತೆರಿಗೆ, ಇವತ್ತಿನ ಮುದುಕರು, ಅಷ್ಟೇ ಲೆಕ್ಕ.
ಡಬ್ಬಿ ಇದ್ದವಳದು ಬರಿದಾಯಿತು,
ಡಬ್ಬಿ ಇಲ್ಲದವನದು ಬರಿದಾಗುವುದೇ ಇಲ್ಲ.

ಒಮ್ಮೆ ಬೇಲಿಯ ಹತ್ತಿರ ಅಂದೇಬಿಟ್ಟೆ:
ನಿಮ್ಮ ಕಣ್ಣಿಗೆ ಬೆಣ್ಣೆ, ನಮ್ಮ ಕಣ್ಣಿಗೆ ಸುಣ್ಣ.
ಅವನು ಬಟಾಣಿ ಬಳ್ಳಿಗೆ ಕೋಲು ಕಟ್ಟುತ್ತಿದ್ದ.
ಮೀನಿನ ಲಾರಿ ಓಡಿಸುವವನ ಮುಕ್ಕಾಲು ಸಂಬಳಕ್ಕೆ
ರಾತ್ರಿಪಾಳಿ ಮಾಡಿದೆ ಬೆರಿಲ್, ಅಂದ.
ಈಗ ಕಡಿಮೆ, ಆಮೇಲೆ ಖಾತ್ರಿ ಅಂದಿದ್ದರು, ನಂಬಿದೆ.
ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಇನ್ನೊಂದು ಮಾತು ಅವನ ಬಳಿ ಇತ್ತು.
ಆ ಫೆಬ್ರವರಿ, ಇಕ್ಕಟ್ಟಿನ ಮೆಟ್ಟಿಲ ತಿರುವಿನಲ್ಲಿ
ನನ್ನ ಕ್ಲಿಫರ್ಡನನ್ನು ಕುರ್ಚಿ ಸಮೇತ ಹೊತ್ತಿಳಿಸಿದವನು ಅವನೇ.
ಕುರ್ಚಿಯ ಕಾಲು ತಾಗಿ ಗಾರೆ ಕಿತ್ತ ಗುರುತು ಇವತ್ತಿಗೂ ಇದೆ.
ಅದೊಂದನ್ನು ಆಡಿದ್ದರೆ ನಾನು ಸೋಲುತ್ತಿದ್ದೆ.
ಆಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮೊಮ್ಮಗಳು ಟೆಗನ್ ಶೀತಲ ಗೋದಾಮಿನಲ್ಲಿ ರಾತ್ರಿ ಕೆಲಸ.
ಸಂಬಳದ ಚೀಟಿ ನನ್ನ ಮುಂದೆ ಹಿಡಿದಳು:
ನೋಡಜ್ಜಿ, ನಾರಿಸ್ ತಾತನ ಏರಿಕೆ ಈ ಸಾಲಿನಲ್ಲಿದೆ,
ನಿನ್ನ ಸರ್ಕಾರಿ ಪಿಂಚಣಿ ಕೆಳಗಿನ ಸಾಲಿನಲ್ಲಿದೆ.
ನನ್ನದು ಯಾರ ಚೀಟಿಯಲ್ಲಿದೆ?
ಅವಳ ಮುಪ್ಪು ಫೋನಿನೊಳಗೆ ಒಂದು ಅಂಕಿ,
ಬೆಳಿಗ್ಗೆ ಹಸಿರು, ಸಂಜೆ ಕೆಂಪು.
ಅವಳ ಬಸ್ಸು ನಿಂತುಹೋಗಿದೆ,
ಲೈಬ್ರರಿ ವಾರಕ್ಕೆ ಎರಡು ದಿನ ತೆರೆದರೆ ಹೆಚ್ಚು.
ದುಡ್ಡಿಲ್ಲ ಅನ್ನುತ್ತಾರೆ. ಇರಲಿಕ್ಕಿಲ್ಲ.

ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ ಇದು.
ನನಗೆ ಗೊತ್ತಿರುವುದು ಮೀನಿನ ತೂಕ ಮಾತ್ರ:
ಪೊಟ್ಟಣ ಕಡಿಮೆ ಬಂದರೆ ಇನ್ನೊಂದು ತುಂಡು ಸೇರಿಸು.
ಪಕ್ಕದ ಪೊಟ್ಟಣ ಕೊಯ್ದು ಸಮ ಮಾಡು ಅಂತ
ಯಾವ ಮೇಸ್ತ್ರಿಯೂ ಹೇಳಿದ್ದಿಲ್ಲ.
ಸರಿ ಅಜ್ಜಿ, ಸೇರಿಸುವ ತುಂಡು ಎಲ್ಲಿದೆ ಹೇಳು,
ಅಂದವಳೇ ಸೋಫಾದಲ್ಲಿ ಮಗ್ಗುಲಾದಳು.

ಗೋಡೆಯಾಚೆ ಟಿವಿಯ ದನಿ ತಗ್ಗುತ್ತದೆ.
ಅವಳು ಬಂದ ದಿನ ಅವನಿಗೆ ಯಾರೂ ಹೇಳಬೇಕಿಲ್ಲ.
ಒಂಬತ್ತಕ್ಕೆ ಎಬ್ಬಿಸಬೇಕು.
ಗಡಿಯಾರ ನೋಡುತ್ತಾ ಕೂತಿದ್ದೇನೆ,
ಮಡಿಲಲ್ಲಿ ಲಕೋಟೆ, ಇನ್ನೂ ಒಡೆದಿಲ್ಲ.