ಎರಡು ಗೆರೆಗಳ ನಡುವೆ

ಪೋರ್ಟ್ ಅಗಸ್ಟಾದಲ್ಲಿ ಜನವರಿ ಎಂದರೆ
ಸ್ಟೀರಿಂಗಿಗೆ ಒದ್ದೆ ಟವೆಲ್ ಸುತ್ತಿ ಓಡಿಸುವ ತಿಂಗಳು.
ಪಾದರಸ ನಲವತ್ನಾಲ್ಕು ಮುಟ್ಟಿದ ದಿನ
ನನ್ನ ಹಳೇ ಕರೋಲಾ ಸೇತುವೆಯ ಬುಡದಲ್ಲಿ
ಸಿಟ್ಟಿಗೆದ್ದ ಕುಕ್ಕರಿನ ಹಾಗೆ ಬುಸ್ಸೆಂದಿತು.

ಮುಚ್ಚಳಕ್ಕೆ ಕೈ ಹಾಕಿದೆ, ಹಿಂದೆಗೆದೆ.
ಬೇಯುವ ತನಕ ಕಾದವಳಿಗೆ
ಆರುವ ತನಕ ಕಾಯಲಾಗದೇ ಎಂದು
ಅಡುಗೆಮನೆಯ ಗಾದೆಯೊಂದು
ಕೊಲ್ಲಿಯ ಉಪ್ಪುಗಾಳಿಯಲ್ಲಿ ಎಲ್ಲಿಂದಲೋ ಬಂದು ಗದರಿತು.
ಮುಕ್ಕಾಲು ಗಂಟೆ ಕಾದೆ.
ಮೂರು ಮೂರು ಡಬ್ಬಿಯ ರೋಡ್ ಟ್ರೇನುಗಳು
ನಿಂತ ಕಾರನ್ನೇ ಅಲುಗಿಸಿ ಹೋದವು.

ಸೋಮವಾರ, ಡಯಾಲಿಸಿಸ್ ವಾರ್ಡು, ನಾಲ್ಕನೇ ಕುರ್ಚಿ.
ವಿನ್ಸ್ ಟ್ರೆಗೆಂಜಾ,
ನಲವತ್ತು ವರ್ಷ ಅಂಥದೇ ಗಾಡಿ ಓಡಿಸಿದವನು,
ಈಗ ವಾರಕ್ಕೆ ಮೂರು ದಿನ
ಎಲ್ಲೂ ಹೋಗದ ಸೀಟಿನಲ್ಲಿ ನಾಲ್ಕು ಗಂಟೆ ಕೂರುವವನು,
ಸೂಜಿ ಚುಚ್ಚುವಾಗ ಕೇಳಿದ:
"ಸೈಕಲ್ಲಲ್ಲಿ ಬಂದೆಯಂತೆ?"

ಹೇಳಿದೆ.
"ಒಳಗಿರೋ ಕೂಲೆಂಟ್ ಯಾವ ಬಣ್ಣ?"
"ಕೆಂಪಿತ್ತು. ಹಿಂದಿನ ಮಾಲೀಕ ಮೇಲೆ ಹಸಿರು ಸುರಿದ.
ಈಗ ರಾಗಿ ಅಂಬಲಿ." ಅವನು ಹುಬ್ಬೇರಿಸಿದ. ಕೆಸರು ಎಂದೆ.
ವಿನ್ಸ್ ಕಣ್ಣು ಮುಚ್ಚಿದ, ಸಾವಿನ ಸುದ್ದಿ ಕೇಳಿದವನಂತೆ.
ಆಮೇಲೆ ಪಾಠ ಶುರು, ಪಂಪು ತಿರುಗುವ ಲಯಕ್ಕೆ.

ಬಣ್ಣ ನಂಬಬೇಡ. ಅದು ಕಂಪನಿಯವರು ಬೆರೆಸುವುದು,
ಓಕುಳಿಯ ಬಣ್ಣಕ್ಕಿರುವಷ್ಟೇ ಅರ್ಥ ಅದಕ್ಕೆ
(ಓಕುಳಿ ನಾನು ಸೇರಿಸಿದ್ದು).
ಒಬ್ಬರ ಹಸಿರು ಇನ್ನೊಬ್ಬರ ಹಸಿರಲ್ಲ.
ಡಬ್ಬಿಯ ಬೆನ್ನು ಓದು. ಅದಕ್ಕೂ ಮೊದಲು
ಗ್ಲೋವ್ ಬಾಕ್ಸಿನಲ್ಲಿ ಯಾರೂ ತೆರೆಯದ ಆ ಪುಸ್ತಕ ಓದು.
ಸಿಲಿಕೇಟ್ ಇದೆಯೋ ಇಲ್ಲವೋ, ಎಷ್ಟು ವರ್ಷದ ಆಯಸ್ಸು, ನೋಡು.
ಎಲ್ಲ ಕಾರಿಗೂ ಸರಿ ಎಂದು ಬರೆದದ್ದನ್ನು
ಎಲ್ಲ ರೋಗಕ್ಕೂ ಒಂದೇ ಗುಳಿಗೆ ಮಾರುವವನಷ್ಟೇ ನಂಬು.
ನಲ್ಲಿ ನೀರು ಮಾತ್ರ ಬೇಡ.
"ಮರ್ರೆ ನದಿಯಿಂದ ಅಷ್ಟು ದೂರ ಪೈಪಲ್ಲಿ ತೆವಳಿ ಬರೋ ನೀರು,
ನಿನ್ನ ಕೆಟಲಿನ ತಳ ನೋಡಿದ್ದೀಯಲ್ಲ?"

ನೋಡಿದ್ದೇನೆ. ಅದೇ ನೀರನ್ನು ಸೋಸಿ, ಮತ್ತೆ ಸೋಸಿ
ಅಲ್ಲವೇ ನಿನ್ನ ರಕ್ತದ ಪಕ್ಕ ನಾನು ಹರಿಯಬಿಡುವುದು?
ಹೇಳಲಿಲ್ಲ. ಪರದೆಯ ಅಂಕಿ ಬರೆದುಕೊಂಡೆ.

"ಇನ್ನೊಂದು. ಹಳೆಯದನ್ನು ನೆಲಕ್ಕೆ ಚೆಲ್ಲಬೇಡ,
ಸಿಹಿ ಅಂತ ನಾಯಿಗಳು ನೆಕ್ಕುತ್ತವೆ."
ಇದು ಗೊತ್ತಿತ್ತು. ಪರೀಕ್ಷೆಗೆ ಓದಿದ್ದೆ:
ಆ ಸಿಹಿ ಮೂತ್ರಪಿಂಡದೊಳಗೆ
ಹರಳು ಹರಳಾಗಿ ಕೂರುವ ಬಗೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದವರು
ಸಿಹಿಯ ಬಗ್ಗೆ ಯಾಕೆ ಏನೂ ಹೇಳಿ ಹೋಗಲಿಲ್ಲವೋ.

ಶನಿವಾರ. ಅಂಗಡಿಯ ಕೊನೆಯ ಸಾಲು.
ಹಸಿರು, ನೀಲಿ, ಗುಲಾಬಿ, ಕಿತ್ತಳೆ,
ಥೇಟ್ ಶರಬತ್ತಿನ ಗಾಡಿ.
ಮೂರು ಡಬ್ಬಿ ತಿರುವಿ ನೋಡಿ ನಾಲ್ಕನೆಯದನ್ನು ಎತ್ತಿಕೊಂಡೆ.
ಟ್ರೇ ಇಟ್ಟು ಬಸಿದೆ, ತೊಳೆದೆ, ಇನ್ನೂ ತೊಳೆದೆ,
ಬರುವ ನೀರು ತಿಳಿಯಾಗುವ ತನಕ.
ಡಿಮಿನರಲೈಸ್ಡ್ ನೀರಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿ,
ಆ ಧಗೆಯಲ್ಲೂ ಹೀಟರ್ ಹಾಕಿ
ಗಾಳಿಗುಳ್ಳೆಗಳನ್ನು ಹೊರಡಿಸಿ, ತಣಿದ ಮೇಲೆ ನೋಡಿದರೆ
ಗುಲಾಬಿ ನೀರು ಎರಡು ಗೆರೆಗಳ ನಡುವೆ
ಉಸಿರಾಡದಷ್ಟು ಶಾಂತ.

ಸೋಮವಾರ, ತರಬಾರದು ಎಂದು ಗೊತ್ತಿದ್ದೂ,
ಹಳೆಯದರ ಒಂದಿಷ್ಟನ್ನು ಬಿಗಿ ಮುಚ್ಚಳದ ಶೀಶೆಯಲ್ಲಿ ಒಯ್ದೆ.
ವಿನ್ಸ್ ಕಿಟಕಿಯ ಬೆಳಕಿಗೆ ಹಿಡಿದು ಅಲುಗಿಸಿದ,
ದೊಡ್ಡ ಡಾಕ್ಟರು ಸ್ಯಾಂಪಲ್ ನೋಡುವ ಗತ್ತಿನಲ್ಲಿ.
"ಬದುಕಿಕೊಂಡಿತು. ಈಗ ಎಷ್ಟಿದೆ?"
"ಮೇಲಿನ ಗೆರೆಗೆ ಒಂದು ಬೆರಳು ಕಡಿಮೆ."

ಅವನ ತೂಕ ನೋಡಿದೆ. ಶುಕ್ರವಾರಕ್ಕಿಂತ ಮೂರು ಕಿಲೋ ಹೆಚ್ಚು.
ಈ ಬಿಸಿಲಲ್ಲೂ ದಿನಕ್ಕೆ ಒಂದೇ ಲೀಟರು ಅವನ ಪಾಲು,
ಚಹಾ, ಸೂಪು ಎಲ್ಲ ಅದರಲ್ಲೇ ಲೆಕ್ಕ.
"ಬಿಯರು," ಎಂದ, ನಾನು ಬಾಯಿ ತೆರೆಯುವ ಮೊದಲೇ. "ಒಂದೇ ಒಂದು."
ಒಂದೇ ಒಂದು ಮೂರು ಕಿಲೋ ಹೇಗಾಯಿತೆಂದು ಕೇಳಲಿಲ್ಲ.

ಮೆಷಿನ್ ತಿರುಗಲು ಬಿಟ್ಟು
ಗುಳಿಗೆಯ ಪುಟ್ಟ ಕಪ್ಪಿನಲ್ಲಿ ಮಂಜಿನ ಚೂರು ತಂದೆ.
ಅವನು ಕಪ್ಪನ್ನು ಕಣ್ಣ ಮಟ್ಟಕ್ಕೆ ಎತ್ತಿ
ಪಕ್ಕದಲ್ಲಿ ಅಚ್ಚಾದ ಗೆರೆಗಳನ್ನು ಓದಿದ.
ಒಂದು ಚೂರನ್ನು ತೆಗೆದು ನನ್ನ ಕೈಗೇ ಇಟ್ಟ:
"ಮೇಲಿನದು ದಾಟಿದೆ."