ವಯಸ್ಸಿನ ಕಾಲಂ

ಸಿಂಧನೂರಿನ ಸರಕಾರಿ ದವಾಖಾನೆಯಲ್ಲಿ
ಚೀಟಿ ಬರೆಯುವವನು ನಾನು.
ಕಿಟಕಿಯ ಗಾಜಿಗೆ ಅಂಗೈಯಷ್ಟೇ ತೂತು;
ಹೊರಗಿನ ಬಿಸಿಲಿಗೆ ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ.
ಹೆಸರು, ಊರು, ವಯಸ್ಸು, ಏನು ತ್ರಾಸು.

ಮಂಗಳವಾರ ರಾಯಚೂರಿನಿಂದ ಮನಸಿನ ಡಾಕ್ಟರು ಬರುತ್ತಾರೆ.
ಆದರೆ ಕಿಟಕಿಯಲ್ಲಿ ಮನಸು ಎಂದು ಯಾರೂ ಅನ್ನುವುದಿಲ್ಲ.
ತಲಿಬ್ಯಾನಿ ಅನ್ನುತ್ತಾರೆ. ಕೈಕಾಲು ಹರಿತ.
ಎದಿ ಮ್ಯಾಲ ನೆಲ್ಲು ತುಂಬಿದ ಚೀಲ ಇಟ್ಟಂಗ ಆಗ್ಯಾದ್ರಿ.
ರಾತ್ರಿ ನಿದ್ದಿಲ್ಲ, ಬೆಳಗಾದ್ರ ಏಳಾಕ ಮನಸಿಲ್ಲ –
ಅಲ್ಲಿ, ಅಲ್ಲಿ ಮಾತ್ರ, ಆ ಶಬ್ದ ಬಿದ್ದುಬಿಡುತ್ತದೆ,
ಹರಿದ ಜೇಬಿನಿಂದ ಎಂಟಾಣೆ ಬಿದ್ದ ಹಾಗೆ.
ಎತ್ತಿಕೊಳ್ಳಲು ಯಾರೂ ಬಗ್ಗುವುದಿಲ್ಲ.

ಓದಿದವರ ಬ್ಯಾನಿ ಇದು ಅಂದುಕೊಂಡಿದ್ದೆ ಮೊದಮೊದಲು,
ಹೊಟ್ಟೆ ತುಂಬಿದವರದ್ದು, ಬಹಳವಾದರೆ ಮುಪ್ಪಿನದ್ದು.
ಈಗ ನನ್ನ ಕೈಬರಹವೇ ನನ್ನನ್ನು ನೋಡಿ ನಗುತ್ತದೆ:
ಮೂವತ್ತೆಂಟು. ಹದಿನೇಳು. ಐವತ್ತೈದು. ಮತ್ತೆ ಹದಿನೇಳು.
ಖಾಜಾಬಿ, ಇಪ್ಪತ್ತೆರಡು. ಹೆತ್ತು ನಲವತ್ತು ದಿನ.
ಕೂಸು ಅತ್ತೆಯ ಕಂಕುಳಲ್ಲಿ ಕಿರುಚುತ್ತಿತ್ತು,
ಚಾಚಿದ ಕೈ ಚೀಟಿ ಹಿಡಿಯುವುದನ್ನೇ ಮರೆತಿತ್ತು.
ಕೊಯ್ಯುವ ಮಷಿನ್ನಿನ ಡ್ರೈವರ್ ಸತ್ಯಂ, ಕ್ಯಾಂಪಿನವನು,
ಮುಂಗೈವರೆಗೆ ಗ್ರೀಸು: 'ಸುಮ್ನೆ ಅಳು ಬರ್ತದ ಸಾರ್.
ಯಾರರ ಸತ್ತಿದ್ರ ಏನೋ ಅನ್ಬೋದಿತ್ತು.'

ಒಂದು ಮಂಗಳವಾರ ಎರಡು ಕೈ ಒಟ್ಟಿಗೆ ಬಂದವು.
ಹಚ್ಚೆ ಮಾಸಿದ್ದು ಒಂದು, ಅದರ ಮುಷ್ಟಿಯೊಳಗೆ ಸಣ್ಣದೊಂದು,
ಉಗುರೆಲ್ಲ ರಕ್ತ ಬರುವಷ್ಟು ಕಚ್ಚಿದ್ದು.
'ಅಂಬ್ರೇಶ ಅಂತ ಬರೀಪಾ, ಹನ್ನೊಂದು.
ಸಾಲಿಗೆ ಹೋಗಂಗಿಲ್ಲ, ಹುಡುಗುರ ಕೂಡ ಆಡಂಗಿಲ್ಲ,
ಗ್ವಾಡಿ ಕಡಿ ಮಾರಿ ಮಾಡಿ ಮಲಗತಾನ.'
'ಮತ್ತ ನಿಮಗಬೇ?' ಯಾಕೆ ಕೇಳಿದೆನೋ ತಿಳಿಯದು.
ಹಚ್ಚೆಯ ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು.
'ನಂದೂ ಹಂಗ ಅದ. ಅವ ಆಕಡಿ ಗ್ವಾಡಿಗೆ, ನಾನು ಈಕಡಿ ಗ್ವಾಡಿಗೆ.
ಒಂದ ಚೀಟಿ ಸಾಕು ಬಿಡು, ಇಬ್ರದೂ ಒಂದ ಬ್ಯಾನಿ.'

ಎರಡು ಬೇಕು, ವಯಸ್ಸು ಬೇರೆ ಬೇರೆ, ಅಂದೆ.
'ವಯಸ್ಸು ಯಾರು ಕಂಡಾರ?
ಕಾಲುವಿಗೆ ಮೊದಲ ನೀರು ಬಂದಾಗ
ನಾನಿನ್ನೂ ಮೊಲಿ ಬಿಟ್ಟಿರಲಿಲ್ಲಂತ.'
ಹುಲಿಗೆಮ್ಮ, ಎಪ್ಪತ್ತು ಎಂದು ಅಂದಾಜಿಗೆ ಬರೆದೆ.

ತಿಂಗಳ ಕೊನೆಗೆ ಜಿಲ್ಲೆಯವರು ಲೆಕ್ಕ ಕೇಳುತ್ತಾರೆ.
ಫಾರಮ್ಮಿನಲ್ಲಿ ಇಷ್ಟರಿಂದ ಇಷ್ಟು ವಯಸ್ಸಿಗೆ ಒಂದೊಂದು ಮನೆ,
ಮನೆ ಮನೆಯ ನಡುವೆ ಕಪ್ಪು ಗ್ವಾಡಿ.
ನಾಲ್ಕು ಗೆರೆ ನಿಲ್ಲಿಸುತ್ತೇನೆ;
ಐದನೆಯದು ಅವುಗಳ ಮೈಮೇಲೆ ಅಡ್ಡ ಬೀಳುತ್ತದೆ.
ಒಂದು ಮನೆಯೂ ಖಾಲಿ ಬಿಟ್ಟು ಕಳಿಸಿದ ನೆನಪಿಲ್ಲ.

ಮೊನ್ನೆ ತೂತಿನಲ್ಲಿ ಕೈ ಬರಲಿಲ್ಲ.
ಬಗ್ಗಿದ ಎರಡು ಕಣ್ಣು ಬಂದವು.
'ಅಜ್ಜಿ ಬೇವಿನ ಗಿಡದ ಕೆಳಗ ಕುಂತಾಳ. ಆಕಿ ಚೀಟಿ ನಾನ ಬರಸ್ತೀನಿ.
ಹುಲಿಗೆಮ್ಮ. ಎಪ್ಪತ್ತೊಂದು.'
ಅಷ್ಟು ಖಚಿತ ಹೆಂಗೋ, ಅಂದೆ.
'ಹ್ವಾದ ವರ್ಷ ನೀವ ಎಪ್ಪತ್ತು ಬರದಿದ್ರಲ್ಲ.'