ಕರೇಲಾ

ಅಪ್ಪ ತಿರುವುತಿದ್ದ ಕರೇಲಾ ಜೋಡಿ
ಇಪ್ಪತ್ತು ವರ್ಷ ಬಾಗಿಲಿಗೆ ಒತ್ತು.
ಜತ್ತದ ತಾಲೀಮಿನ ಹೊಸ್ತಿಲ
ಹೆಣ್ಮಕ್ಕಳು ದಾಟೂದಿಲ್ಲ;
ನಾ ಮಾಳಿಗಿ ಮ್ಯಾಲ ಒಯ್ದೆ.

ಮಿರಜಿ ಡಾಕ್ಟರಬಾಯಿ ಅಂದಿದ್ದಳು:
ಉಪವಾಸ ಬ್ಯಾಡ್ರಿ, ಸುಗಲಾಬಾಯಿ,
ಅನ್ನ ಕಮ್ಮಿ, ಮಡಕಿಕಾಳು ಜಾಸ್ತಿ,
ಏನರೆ ಭಾರ ಎತ್ತರಿ.
ಭಾರ ನನಗೇನು ಹೊಸದು, ಅಂತ
ನಕ್ಕಿದ್ದೆ.

ಮೊದಲ ದಿನ ಒಂದನ್ನ, ಎರಡೂ ಕೈಲೆ.
ಹೆಗಲು ಸುತ್ತಿ ಬರೂದರಾಗ
ಒಣಗಲಿಟ್ಟ ಮೆಣಸಿನಕಾಯಿ ಚೆಲ್ಲಾಪಿಲ್ಲಿ.
ಹಿಡಿಕಿ ಒಂದು ಕಡೆ ಸವದಿತ್ತು,
ಅಪ್ಪನ ಹೆಬ್ಬೆಟ್ಟಿನಷ್ಟು.
ನನ್ನದು ಅಲ್ಲಿ ಕೂಡಲಿಲ್ಲ.

ಮೂರು ತಿಂಗಳಿಗೆ ರೇಶನ್ ಅಂಗಡಿ ತಕ್ಕಡಿ:
ಬರೇ ಅರ್ಧ ಕಿಲೋ ಕಡಿಮಿ.
ಅಂಗಡಿ ಮಲಕಪ್ಪ ಹಲ್ಲು ಕಿಸಿದ.

ನಿನ್ನೆ ಗ್ಯಾಸಿನ ಹುಡುಗ
ಮೆಟ್ಟಿಲು ನೋಡಿ ಇಪ್ಪತ್ತು ರೂಪಾಯಿ ಕೇಳಿದ.
ನೀ ನಡಿ, ಅಂದೆ.
ಅಂವ ಹೋಗಲಿಲ್ಲ; ನೋಡತ ನಿಂತ.